ಹಳ್ಳದಾಚೆಯ ಛತ್ರಿ

ಆಟದ ಚಾನೆಲ್ ಕಪ್ಪಾದ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನ ಗೋಡೆಗೆ ಅದರದೇ ಪೋಸ್ಟರ್ ಅಂಟಿಸುತ್ತಿದ್ದೆ. ಪೋಸ್ಟರಿನಲ್ಲಿ ನಮ್ಮೂರ ಹುಡುಗಿಯ ಫೋಟೋ, ಅದರ ಕೆಳಗೆ ‘ನಮ್ಮೂರ ಮಗಳನ್ನು ನಮ್ಮ ಕೇಬಲ್ಲಿನಲ್ಲಿ ನೋಡಿರಿ’ ಎಂದು ನಾನೇ ಬರೆಸಿದ ಸಾಲು. ಹೆಂಡತಿ ಫೋನ್ ಮಾಡಿ, “ರೀ, ಆಟದ ಚಾನೆಲ್ ಬಂದ್ ಆಗೇತಿ. ಮಂದಿ ಫೋನ್ ಮ್ಯಾಲ ಫೋನ್ ಮಾಡಾಕತ್ತಾರ,” ಎಂದಳು. ಕೈಗೆ ಮೆತ್ತಿದ್ದ ಅಂಟು ಒಣಗುವ ತನಕ ಅಲ್ಲೇ ನಿಂತಿದ್ದೆ.

ಕಲಘಟಗಿ ತಾಲೂಕಿನಲ್ಲಿ, ಮಿಶ್ರಿಕೋಟಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮೂರು. ಇಲ್ಲಿ ಮನೆಮನೆಗೆ ಕೇಬಲ್ ಟಿವಿ ಕೊಡುವವನು ನಾನು. ಹುಬ್ಬಳ್ಳಿಯ ದೊಡ್ಡ ಕಂಪನಿಯಿಂದ ಫೈಬರ್ ತಂತಿಯಲ್ಲಿ ಚಾನೆಲ್‌ಗಳು ನನ್ನ ಕೋಣೆಗೆ ಬರುತ್ತವೆ, ಅಲ್ಲಿಂದ ಕಂಬ ಕಂಬ ಹಿಡಿದು ಊರಿಗೆ ಹೋಗುತ್ತವೆ. ಕಂಪನಿಗೂ ಚಾನೆಲ್‌ನವರಿಗೂ ದರದ ಜಗಳ ಬಿದ್ದರೆ ಅವರು ಸಿಗ್ನಲ್ ಕತ್ತರಿಸುತ್ತಾರೆ, ಬೈಗುಳಗಳು ನನ್ನ ಮನೆ ಬಾಗಿಲಿಗೆ ಬರುತ್ತವೆ. ಇದು ಹೊಸದೇನಲ್ಲ. ಈ ಸಲ ಜಗಳ ಬಿದ್ದದ್ದು ಸೆಮಿಫೈನಲ್ಲಿಗೆ ಎರಡು ದಿನ ಉಳಿದಿದ್ದಾಗ, ಅಷ್ಟೆ.

ಹುಡುಗಿ ಆಡುವವಳಲ್ಲ. ಫುಟ್‌ಬಾಲಿನಲ್ಲಿ ಗೆರೆಯಗುಂಟ ಬಾವುಟ ಹಿಡಿದು ಓಡುವ ರೆಫ್ರಿ ಇರುತ್ತಾರಲ್ಲ, ಅದು ಅವಳ ಕೆಲಸ. ಅಳ್ನಾವರದ ಸೋದರಮಾವನ ಮನೆಯಲ್ಲಿದ್ದು ಶಾಲೆ ಕಲಿಯುವಾಗ ಚೆಂಡಿನ ಹುಚ್ಚು ಹತ್ತಿತು. ಆಡುವುದಕ್ಕಿಂತ ‘ಅದು ಗೆರಿ ದಾಟಿತ್ತು, ಇದು ಫೌಲ್’ ಎಂದು ಜಗಳ ತೆಗೆಯುವುದೇ ಹೆಚ್ಚಂತೆ. ಆ ಜಗಳವೇ ಕೊನೆಗೆ ಅವಳಿಗೆ ದಾರಿಯಾಯಿತು. ಪರೀಕ್ಷೆ ಬರೆದು, ಓಟದಲ್ಲಿ ಪಾಸಾಗಿ, ಒಂದೊಂದೇ ಮೆಟ್ಟಿಲು ಏರಿ, ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಬಾವುಟ ಹಿಡಿದು ಹೋದಳು. ಸೆಮಿಫೈನಲ್ಲಿಗೆ ಅವಳ ಪಾಳಿ ಬಂದಿದೆ ಎಂಬ ಸುದ್ದಿ ಬಂದಾಗ ಊರಿಗೆ ಊರೇ ಹಿಗ್ಗಿತು. ನಾನು ಹಿಗ್ಗಿದ್ದು ಬೇರೆ ಲೆಕ್ಕಕ್ಕೆ. ಅವಳ ಫೋಟೋ ಹಿಡಿದು ಮನೆಮನೆಗೆ ಹೋಗಿ ಆಟದ ಪ್ಯಾಕ್ ಹಾಕಿಸಿದೆ. ಚೆಂಡು ದುಂಡಗಿದೆ ಎಂಬುದರ ಹೊರತು ಫುಟ್‌ಬಾಲಿನ ಬಗ್ಗೆ ಏನೂ ತಿಳಿಯದ ಮನೆಗಳೂ ‘ನಮ್ಮ ಹುಡುಗಿ’ ಎಂದು ಪ್ಯಾಕ್ ಹಾಕಿಸಿಕೊಂಡವು.

ಈಗ ಆ ಚಾನೆಲ್ಲೇ ಇಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿದರೆ, “ಇವತ್ತ ಸಂಜಿಕ ಬರತೈತ್ರಿ,” ಎಂದರು. ಮರುದಿನ ಮಾಡಿದರೂ ಅದೇ ಮಾತು. ಮೊಬೈಲಿನಲ್ಲಿ ಆ್ಯಪ್ ಇತ್ತು, ಅದಕ್ಕೆ ಬೇರೆ ಚಂದಾ. ಕೊಟ್ಟರೂ ನಮ್ಮೂರ ನೆಟ್‌ವರ್ಕಿನಲ್ಲಿ ಆಟ ಓಡುವುದಕ್ಕಿಂತ ಚಕ್ರ ತಿರುಗುವುದೇ ಹೆಚ್ಚು.

ಇಲ್ಲಿ ಒಂದು ಕಾನೂನಿನ ಮಾತು ಹೇಳಬೇಕು. ಇಂಥ ದೊಡ್ಡ ಪಂದ್ಯಗಳ ಹಕ್ಕು ಕೊಂಡ ಚಾನೆಲ್‌ನವರು ಅದನ್ನು ಸರಕಾರಿ ವಾಹಿನಿಗೂ ಕೊಡಬೇಕಾಗುತ್ತದೆ. ಆದರೆ ಅದು ಕಾಣುವುದು ಸರಕಾರದ ಉಚಿತ ಡಿಶ್ ಇದ್ದವರಿಗೆ ಮಾತ್ರ. ನಮ್ಮ ಕೇಬಲ್ಲಿನಲ್ಲೂ ಅದೇ ಸರಕಾರಿ ವಾಹಿನಿ ಬರುತ್ತದೆ, ಪಂದ್ಯದ ಹೊತ್ತಿಗೆ ಮಾತ್ರ ಅದರಲ್ಲಿ ಬೇರೇನೋ ಬರುತ್ತಿರುತ್ತದೆ. ದುಡ್ಡು ಕೊಟ್ಟವರಿಗೆ ಇಲ್ಲ, ಕೊಡದವರಿಗೆ ಉಂಟು. ಕ್ರಿಕೆಟ್ ಇದ್ದಾಗಲೆಲ್ಲ ಗಿರಾಕಿಗಳು ಇದೇ ವಿಷಯಕ್ಕೆ ನನ್ನ ಜೀವ ತಿಂದಿದ್ದಾರೆ. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಉಚಿತ ಡಿಶ್‌ಗೆ ನಾನು ಇಟ್ಟ ಹೆಸರು ಬಿಟ್ಟಿ ಛತ್ರಿ. ಊರಿನಲ್ಲಿ ಅಂಥವು ಎಷ್ಟೋ ಇದ್ದವು. ‘ಮಳಿ ಹನಿದ್ರ ಸಾಕು, ನಿಮ್ಮ ಛತ್ರಿ ತೊಯ್ದು ಟಿವಿ ಬಂದ್’ ಎಂದು ಅಣಕಿಸಿ, ಕಿತ್ತಿಸಿ, ನನ್ನ ವಾಯರ್ ಹಾಕಿಸಿದ್ದೆ. ಕಿತ್ತ ಛತ್ರಿಗಳಲ್ಲಿ ಈಗ ಹೆಂಗಸರು ಸಂಡಿಗೆ ಒಣಗಿಸುತ್ತಾರೆ. ಸುಸ್ಥಿತಿಯಲ್ಲಿ ಉಳಿದದ್ದು ಹಳ್ಳದ ಆಚೆ ಒಂದೇ ಒಂದು. ಅದು ಆ ಹುಡುಗಿಯ ತಾಯಿಯ ಮನೆಯದು.

ಆಕೆ ಕುರಿ ಸಾಕಿ ಮಗಳನ್ನು ಬೆಳೆಸಿದ ಹೆಣ್ಣುಮಗಳು. ಗಂಡ ತೀರಿ ಬಹಳ ವರ್ಷವಾಯಿತು. ಹಿಂದೊಮ್ಮೆ ನನ್ನ ಕೋಣೆಗೆ ಬಂದು ಕೇಬಲ್ ಕೇಳಿದ್ದಳು. “ಅಕ್ಕಾರ, ಹಳ್ಳದ ಆಚೆ ಕಂಬ ಇಲ್ರಿ. ಒಂದ ಮನಿ ಸಲುವಾಗಿ ಅಷ್ಟ ದೂರ ವಾಯರ್ ಎಳದ್ರ ನನಗ ಪೂರೈಸೂದಿಲ್ಲ,” ಎಂದು ಕಳಿಸಿದ್ದೆ. ಆಮೇಲೆ ಆಕೆ ಸಂತೆಯಿಂದ ಆ ಛತ್ರಿ ತಂದು ಕುರಿದೊಡ್ಡಿಯ ಗೋಡೆಗೆ ಕೂರಿಸಿಕೊಂಡಿದ್ದಳು.

ಪಂದ್ಯದ ದಿನ ಬೆಳಗ್ಗೆ ಊರಿನ ಸಹಕಾರಿ ಸೊಸೈಟಿಯ ಅಧ್ಯಕ್ಷರು ಕರೆಸಿದರು. ಬಯ್ಯುತ್ತಾರೆ ಎಂದುಕೊಂಡು ಹೋದರೆ ಅವರು ಆಗಲೇ ಬ್ಯಾನರಿಗೆ ಹೇಳಿಯಾಗಿತ್ತು.

“ಏ ತಮ್ಮಾ, ಮನಿಮನಿಗೆ ಆಗಲಿಲ್ಲಂದ್ರ ಹೋಗಲಿ. ಸೊಸೈಟಿ ಭವನದಾಗ ದೊಡ್ಡ ಪರದೆ ಕಟ್ಟು, ಊರ ಮಂದಿ ಎಲ್ಲಾ ಕೂಡಿ ನೋಡೂಣು. ತಾಯಿಗೆ ಒಂದು ಸನ್ಮಾನ ಮಾಡೂಣು. ಪರದೆಗೆ ಆಟ ಎಲ್ಲಿಂದ ತರತಿ, ಅದು ನಿನ್ನ ಜವಾಬ್ದಾರಿ,” ಎಂದರು.

ಮನೆಗೆ ಬಂದು ಹೇಳಿದೆ. ಹೆಂಡತಿ ಒಂದೇ ಮಾತಿನಲ್ಲಿ ದಾರಿ ತೋರಿಸಿದಳು. “ಈಗ ಗಾಡಿ ತಗೊಂಡು ಹುಬ್ಬಳ್ಳಿಗೆ ಹೋಗ್ರಿ. ಒಂದು ಹೊಸಾ ಛತ್ರಿ, ಒಂದು ಬಾಕ್ಸ್ ತರ್ರಿ. ಊಟದ ಹೊತ್ತಿಗೆ ತಿರುಗಿ ಬರತೀರಿ.”

ಅವಳು ಹೇಳಿದ್ದು ಅಗದಿ ಬರೋಬ್ಬರಿ. ಆದರೆ ಆ ಸಾಮಾನು ಸಿಗುವ ಓಣಿಯಲ್ಲಿ ಅಂಗಡಿಯವರೂ ನಮ್ಮ ಧಂದೆಯವರೂ ಎಲ್ಲರೂ ನನ್ನ ಗುರುತಿನವರು. ಕೇಬಲ್‌ನವನೇ ಬಿಟ್ಟಿ ಛತ್ರಿ ಬಗಲಲ್ಲಿ ಇಟ್ಟುಕೊಂಡು ಹೋದ ಎಂದು ಅವರು ಚಹಾ ಕುಡಿಯುತ್ತ ನಗುವುದು ನನ್ನ ಕಣ್ಣಮುಂದೆ ಬಂತು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು, ಅದೂ ಆಗ ಹೊಳೆಯಲಿಲ್ಲ. ಹೊಳೆದದ್ದು ಇಷ್ಟೆ: ತಾಯಿ ಹೇಗೂ ಸನ್ಮಾನಕ್ಕೆ ಭವನಕ್ಕೆ ಬರುತ್ತಾಳೆ, ಅವಳ ಮನೆಯ ಛತ್ರಿ ಆ ಹೊತ್ತಿಗೆ ಖಾಲಿ ಕೂತಿರುತ್ತದೆ. ಯಾರಿಗೂ ನಷ್ಟವಿಲ್ಲ. ಒಬ್ಬ ಮನುಷ್ಯ ಕೆಟ್ಟ ಕೆಲಸಕ್ಕೆ ಹೊರಡುವಾಗ ಅವನ ತರ್ಕ ಎಷ್ಟು ಸ್ವಚ್ಛವಾಗಿರುತ್ತದೆ ನೋಡಿ.

ಹಳ್ಳ ದಾಟಿ ಹೋದಾಗ ಆಕೆ ಟಿವಿ ಒರೆಸುತ್ತಿದ್ದಳು. ಪಂದ್ಯಕ್ಕೆಂದು ಅಂಗಳ ಸಾರಿಸಿದ್ದಳು. ನಾನು ಬಂದ ಕೆಲಸ ಹೇಳಿದೆ.

“ನಾ ಇಲ್ಲೇ ನೋಡತೀನಿ ತಮ್ಮಾ. ನೀವು ಮಂದಿ ಅಲ್ಲಿ ನೋಡ್ರಿ,” ಎಂದಳು.

“ಊರ ಮರ್ಯಾದಿ ಪ್ರಶ್ನಾ ಐತ್ರಿ ಅಕ್ಕಾರ. ಅಧ್ಯಕ್ಷರು ಶಾಲು, ಹಾರ ಎಲ್ಲಾ ತರಿಸ್ಯಾರ.”

“ಆಟ ನನಗ ತಿಳಿಯೂದಿಲ್ಲೋ. ನನಗ ಬೇಕಾಗಿದ್ದು ಮೊದಲಿಂದು. ಆಟ ಚಾಲೂ ಆಗೂಕಿಂತ ಮುಂಚೆ ಎಲ್ಲಾರೂ ಸಾಲಾಗಿ ನಿಂದರತಾರಂತ, ಒಬ್ಬೊಬ್ಬರ ಮುಖ ತೋರಿಸ್ತಾರಂತ. ಆವಾಗ ನಿನಗಂತನ ಒಂದು ಮಾಡತೀನಿ, ಕಣ್ಣ ಪಿಳುಕಿಸದ ನೋಡು ಅಂದಾಳ ಮಗಳು.”

“ಏನ್ ಮಾಡತಾಳಂತ್ರಿ?”

“ಹೇಳವಲ್ಲಳು. ನೋಡಿದ ಮ್ಯಾಲ ನೀನ ಹೇಳು ಅಂತಾಳ.” ಹೇಳುತ್ತ ಆಕೆ ನಕ್ಕಳು.

“ಅಷ್ಟ ಅಲ್ಲೇನ್ರಿ? ಇಲ್ಲಿ ಅಂಗೈಯಷ್ಟ ಕಾಣತಾಳ. ಅಲ್ಲಿ ಗ್ವಾಡಿಯಷ್ಟ ದೊಡ್ಡಾಕಿ ಆಗಿ ಕಾಣತಾಳ,” ಎಂದೆ. ಆಕೆ ಟಿವಿಯಿಂದ ಬಾಕ್ಸನ್ನು ತಾನೇ ಬಿಚ್ಚಿ, ಒಂದು ಟವಲಿನಲ್ಲಿ ಸುತ್ತಿ ಕೊಟ್ಟಳು.

ಛತ್ರಿಯ ನಟ್ಟುಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಬಿಟ್ಟು ಸಡಿಲಿಸುವ ಮೊದಲು ಅದು ಎಷ್ಟು ಬಾಗಿದೆ, ಯಾವ ಕಡೆ ತಿರುಗಿದೆ ಎಂದು ಚೂಪು ಮೊಳೆಯಿಂದ ಗೀಚಿ ಗುರುತು ಮಾಡಿಕೊಂಡೆ. ಆ ಮಟ್ಟಿಗೆ ಬುದ್ಧಿವಂತನೇ. ಆದರೆ ಆಮೇಲೂ ಹುಬ್ಬಳ್ಳಿ ಕಂಪನಿಯವರ ‘ಈಗ ಬರತೈತ್ರಿ’ ಎಂಬ ಮಾತು ನಂಬಿ ಮಧ್ಯಾಹ್ನವೆಲ್ಲ ಕೋಣೆಯಲ್ಲೇ ಕಾದು ಕೂತೆ. ಚಾನೆಲ್ ಬಂದುಬಿಟ್ಟರೆ ನನ್ನ ಕೇಬಲ್ಲಿನಲ್ಲೇ ತೋರಿಸಿ ಮೀಸೆ ತಿರುವಬಹುದಲ್ಲ. ಛತ್ರಿ ಹೆಗಲಿಗೆ ಹಾಕಿಕೊಂಡು ಭವನದ ತಗಡು ಹತ್ತುವ ಹೊತ್ತಿಗೆ ಜನ ಬರಲು ಸುರುವಾಗಿತ್ತು.

ತಗಡಿಗೆ ತೂತು ಹಾಕುವಂತಿಲ್ಲ. ಮೊದಲು ಮೈಕಿನ ಭೊಂಗಾ ಕಟ್ಟುತ್ತಿದ್ದ ಒಂದು ಕಬ್ಬಿಣದ ಕಂಬ ಮೂಲೆಯಲ್ಲಿತ್ತು, ಅದಕ್ಕೇ ಬಿಗಿದೆ. ನಾನು ಗೀಚಿದ್ದ ಗುರುತಿಗೆ ಸರಿಯಾಗಿ ಕೂರಿಸಿದರೂ ಸಿಗ್ನಲ್ ಇಲ್ಲ. ಯಾಕೆಂದು ತಿಳಿಯಲು ಬಹಳ ಹೊತ್ತು ಹಿಡಿಯಿತು. ಆಕೆಯ ಮನೆಯಲ್ಲಿ ಛತ್ರಿ ಕೂತಿದ್ದ ಪೈಪ್ ನೆಟ್ಟಗಿತ್ತು, ಈ ಕಂಬ ವಾಲಿತ್ತು. ಕಂಬವೇ ವಾಲಿದ ಮೇಲೆ ಗುರುತಿಗೆ ಏನು ಬೆಲೆ? ಅದೂ ಅಲ್ಲದೆ ಫೈಬರ್ ಬಂದ ಮೇಲೆ ಛತ್ರಿ ತಿರುಗಿಸುವ ಕೆಲಸವೇ ನನ್ನ ಕೈಬಿಟ್ಟಿತ್ತು. ಛತ್ರಿ ಮುಖ ಮಾಡಬೇಕಾದ ಆಗ್ನೇಯ ದಿಕ್ಕಿಗೆ ಬೇವಿನ ಮರ ಅಡ್ಡ ಬಂತು ಎಂದು ಅದಕ್ಕೊಂದಿಷ್ಟು ಬೈದೆ. ಕುಣಿಯಲಾರದವನಿಗೆ ಅಂಗಳ ಡೊಂಕು.

ಕೆಳಗೆ ಹೆಂಡತಿ ರಿಮೋಟ್ ಹಿಡಿದು ಪ್ರೊಜೆಕ್ಟರಿನ ಹತ್ತಿರ ಕೂತಿದ್ದಳು. ನಾನು ಕೂದಲೆಳೆಯಷ್ಟು ಸರಿಸುವುದು, ಕೂಗುವುದು.

“ಬಂತೇನ?”

“ಇಲ್ಲರೀ! ಸ್ಟ್ರೆಂಥ್ ಐತಿ, ಕ್ವಾಲಿಟಿ ಇಲ್ಲ!”

ಮತ್ತೆ ಸರಿಸಿದರೆ ಅದೂ ಇಲ್ಲ. ಕೆಳಗೆ ಹುಡುಗರು ಸಿಳ್ಳೆ ಹಾಕತೊಡಗಿದರು. ಮೈಕಿನಲ್ಲಿ ಅಧ್ಯಕ್ಷರ ದನಿ ಕೇಳಿತು. “ಟಿವಿ ಬರೂತನಕ ಹೊತ್ತ ಯಾಕ ಕಳಿಯೂದು? ಸನ್ಮಾನ ಮುಗಿಸಿಬಿಡೂಣು. ಅವ್ವಾರ, ವೇದಿಕಿ ಮ್ಯಾಲ ಬರ್ರಿ.”

ಆ ವೇದಿಕೆಯ ವ್ಯವಸ್ಥೆಯೂ ನನ್ನದೇ. ನಮ್ಮಲ್ಲಿ ಯಾವ ಕಾರ್ಯಕ್ರಮವಾದರೂ ಹಿಂದಿನ ಗೋಡೆಗೆ ಬ್ಯಾನರ್, ಅದರ ಮುಂದೆ ಗಣ್ಯರ ಕುರ್ಚಿ. ನಾನು ಬ್ಯಾನರಿನ ಕೆಳಗೆ ಪರದೆ ಕಟ್ಟಿ, ಕುರ್ಚಿಗಳನ್ನು ಎಂದಿನ ಜಾಗದಲ್ಲೇ ಇಟ್ಟಿದ್ದೆ. ಅಲ್ಲಿ ನಿಂತವರ ಬೆನ್ನು ಪರದೆಯ ಕಡೆಗೇ ಇರುತ್ತದೆ ಎಂದು ಕೈ ಯೋಚಿಸಲಿಲ್ಲ. ಕೈಗೆ ರೂಢಿ ಇದ್ದದ್ದನ್ನು ಕೈ ಮಾಡಿತ್ತು.

ಮೇಲೆ ನಾನು ಕಂಬದ ಬುಡಕ್ಕೆ ಒಂದು ಕಲ್ಲಿನ ಚೂರು ಬಡಿದು ಅದನ್ನು ಸ್ವಲ್ಪ ನೆಟ್ಟಗೆ ಮಾಡಿದೆ. ಛತ್ರಿಯನ್ನು ಮತ್ತೆ ನನ್ನ ಗುರುತಿಗೆ ತಂದೆ.

“ಬಂತ್ರೀ! ಬಂತು!” ಹೆಂಡತಿಯ ದನಿ ತಗಡು ಸೀಳಿ ಬಂತು. ಅದರ ಹಿಂದೆಯೇ ಜನರ ಕೇಕೆ. ಕೈ ಬಿಟ್ಟರೆ ಗಾಳಿಗೆ ತಿರುಗುತ್ತದೆ ಎಂದು ಒಂದೊಂದೇ ನಟ್ಟು ಬಿಗಿಯುತ್ತಿದ್ದೆ. ಆಗ ಕೆಳಗಿನ ಸ್ಪೀಕರಿನಲ್ಲಿ ಬೇರೆ ಯಾವುದೋ ದೇಶದ ರಾಷ್ಟ್ರಗೀತೆ ಕೇಳಿತು. ಸಾಲಾಗಿ ನಿಲ್ಲುವುದು ಇದೇ ಎಂದು ತಿಳಿಯಿತು. ಸರಿಯಾದ ಹೊತ್ತಿಗೇ ತಂದುಕೊಟ್ಟೆ, ಆ ತಾಯಿ ಈಗ ಮಗಳ ಮುಖ ನೋಡುತ್ತಿದ್ದಾಳೆ ಎಂದು ತಗಡಿನ ಮೇಲೆ ಕೂತು ನನಗೆ ನಾನೇ ಶಭಾಷ್ ಅಂದುಕೊಂಡೆ. ಇದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಇಳಿದು ಬಂದಾಗ ಸೀಟಿ ಊದಿ ಆಟ ಸುರುವಾಗಿತ್ತು. ವೇದಿಕೆಯ ಮೇಲೆ ಅಧ್ಯಕ್ಷರು, ಸದಸ್ಯರು, ನಡುವೆ ಆಕೆ. ಕೊರಳಲ್ಲಿ ಚೆಂಡುಹೂವಿನ ದಪ್ಪ ಹಾರ, ಮೈಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಎಲ್ಲರೂ ಪರದೆಗೆ ಬೆನ್ನು ಮಾಡಿ ಫೋಟೋಕ್ಕೆ ನಿಂತಿದ್ದರು. ಕೆಳಗಿನವರು ಎದ್ದು ನಿಂತು ಮೊಬೈಲ್ ಎತ್ತಿ ಅವರನ್ನೇ ಹಿಡಿಯುತ್ತಿದ್ದರು. ಪ್ರೊಜೆಕ್ಟರಿನ ಹಸಿರು ಬೆಳಕು ಹೊಡೆದು ಆಕೆ ಕಣ್ಣು ಕಿರಿದು ಮಾಡಿದ್ದಳು.

ಮುಂದಿನ ಸಾಲಿನಲ್ಲಿ ಅವಳನ್ನು ಕೂರಿಸಿದರು. ಹಾರ ತೆಗೆಯಲೂ ಇಲ್ಲ, ಪರದೆಯಿಂದ ಕಣ್ಣು ಕೀಳಲೂ ಇಲ್ಲ. ನಾನು ಹತ್ತಿರ ಹೋದಾಗ ನನ್ನ ಅಂಗಿ ಜಗ್ಗಿ ಕೇಳಿದಳು. “ಸಾಲಾಗಿ ನಿಂದ್ರೂದು ಯಾವಾಗ ಬರತೈತಿ ತಮ್ಮಾ?”

ಅದು ಆಗಿಹೋಯಿತು ಎಂದು ಹೇಳಬೇಕಿತ್ತು. “ಆಮ್ಯಾಲ ಬರತೈತ್ರಿ,” ಎಂದೆ.

ಆ ಮಾತು ನಂಬಿ ಆಕೆ ಪಂದ್ಯ ಪೂರ್ತಿ ಕೂತಳು. ಗೆರೆಯ ಅಂಚಿನಲ್ಲಿ ಬಾವುಟ ಕಂಡಾಗಲೆಲ್ಲ ಊರು ಚಪ್ಪಾಳೆ ಹೊಡೆಯಿತು. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆಯೇ ಹೊರತು ಬಾವುಟದವರ ಹಿಂದೆ ಅಲ್ಲ. ಒಂದು ಕಾಲು, ಒಂದು ತೋಳು, ದೂರದಿಂದ ಒಂದು ಓಟ, ಇಷ್ಟೇ ಕಂಡದ್ದು. ವಿರಾಮದಲ್ಲಿ ಜಾಹೀರಾತು ಬಂದಾಗ ಆಕೆ ನನ್ನ ಕಡೆ ತಿರುಗಿ ‘ಈಗೇನು?’ ಎನ್ನುವಂತೆ ನೋಡಿದಳು. ನಾನು ಪ್ರೊಜೆಕ್ಟರಿನ ವಾಯರ್ ನೋಡುವವನ ಹಾಗೆ ಬಗ್ಗಿದೆ.

ಆಟ ಮುಗಿದು ಜನ ಚದುರಿದ ಮೇಲೆ ಹೇಳಲೇಬೇಕಾಯಿತು. “ಅಕ್ಕಾರ, ಅದು ಮೊದಲ ಆಗಿಹೋತ್ರಿ. ನೀವು ವೇದಿಕಿ ಮ್ಯಾಲ ಇದ್ರಿ.” ಆಕೆ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು. ಅಲ್ಲೇ ಇದ್ದ ಹೆಂಡತಿಯನ್ನು ಕೇಳಿದೆ, ಹುಡುಗಿ ಏನು ಮಾಡಿದಳು ನೋಡಿದೆಯಾ ಎಂದು. “ನನಗ ಮಂದಿ ಬೆನ್ನು, ಮೊಬೈಲ್ ಬಿಟ್ರ ಏನೂ ಕಾಣಲಿಲ್ರೀ,” ಎಂದಳು ಅವಳು.

ಅಷ್ಟರಲ್ಲಿ ಆಕೆಯ ಫೋನ್ ಹೊಡೆಯಿತು. ಮಗಳು. ದನಿ ನಮಗೂ ಕೇಳುವಷ್ಟು ದೊಡ್ಡದಿತ್ತು.

“ಅವ್ವಾ, ನೋಡಿದ್ಯಾ?”

“ನೋಡಿದ್ನೆವಾ.”

“ಖರೇ? ನಗು ಬಂತಾ?”

“ಬಂತು. ಭಾಳ ನಗು ಬಂತು.”

“ನಾ ಏನ್ ಮಾಡಿದೆ ಹೇಳು ನೋಡೂಣು?”

ಆಕೆ ನನ್ನ ಮುಖ ನೋಡಿದಳು. ಇಡೀ ಊರಿನಲ್ಲಿ ಅದನ್ನು ನೋಡಿದವರು ಒಬ್ಬರೂ ಇರಲಿಲ್ಲ. “ಹೋಗ, ಹುಚ್ಚಿ. ಮಂದಿ ಮುಂದ ಅದನ್ನ ಹೇಳೂದಾ? ನೀ ಊಟಾ ಮಾಡು ಮೊದಲ,” ಎಂದು ನಕ್ಕು ಫೋನ್ ಇಟ್ಟಳು. ನಗು ಅಲ್ಲಿಗೇ ನಿಂತಿತು.

“ನಿನ್ನ ವಾಯರ್ ನನ್ನ ಮನಿತನಕ ಬರಲಿಲ್ಲ. ನನ್ನ ಛತ್ರಿ ನಿನ್ನತನಕ ಬಂತು ನೋಡು,” ಎಂದಳು. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ನನಗೂ ಒಂದು ಉತ್ತರ ಹುಟ್ಟುತ್ತಿತ್ತು.

ಮರುದಿನ ಛತ್ರಿಯನ್ನು ಕುರಿದೊಡ್ಡಿಯ ಗೋಡೆಗೆ ವಾಪಸ್ ಕೂರಿಸಿದೆ. ನೆಟ್ಟಗಿನ ಪೈಪಿಗೆ ಗುರುತು ಸೇರುತ್ತಲೇ ಚಿತ್ರ ಬಂತು. ಆಮೇಲೆ ಆ್ಯಪಿನ ಚಂದಾ ಕಟ್ಟಿ, ಕಲಘಟಗಿಗೆ ಹೋಗಿ, ನೆಟ್‌ವರ್ಕ್ ಸಿಗುವ ಕಡೆ ಕೂತು ಆ ಪಂದ್ಯ ಹುಡುಕಿದೆ. ಪೂರ್ತಿ ಪಂದ್ಯ ಇತ್ತು. ಆದರೆ ಅದು ಸೀಟಿಯಿಂದಲೇ ಸುರುವಾಗುತ್ತಿತ್ತು, ಅದರ ಹಿಂದಿನದನ್ನು ಕತ್ತರಿಸಿದ್ದರು.

ಕೊನೆಗೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಸನ್ಮಾನದ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡತೊಡಗಿದೆ. ಎಲ್ಲದರಲ್ಲೂ ಶಾಲು, ಹಲ್ಲು, ಹಾರ. ಒಂದರಲ್ಲಿ ಮಾತ್ರ ಆಕೆಯ ಹೆಗಲಿನ ಬಾಜು ಹಿಂದಿನ ಪರದೆಯೂ ಸೆರೆಯಾಗಿತ್ತು. ಮಂಕಾಗಿ, ಆದರೆ ಗುರುತು ಸಿಗುವ ಹಾಗೆ, ಮಗಳು. ಬಾವುಟ ಒಂದು ಕೈಯಲ್ಲಿ. ಇನ್ನೊಂದು ಕೈ ತಲೆಯ ಮೇಲೆ, ಕಿವಿಯ ಹಿಂದಿನಿಂದ ಏನನ್ನೋ ಮುಂದಕ್ಕೆ ಎಳೆಯುವಂತೆ. ಬೆವರು ಒರೆಸಿಕೊಂಡಳೋ, ಸೆಲ್ಯೂಟೋ ನನಗೆ ತಿಳಿಯಲಿಲ್ಲ. ಸ್ಟುಡಿಯೋದಲ್ಲಿ ದೊಡ್ಡದಾಗಿ ಮುದ್ರಿಸಿ ಆಕೆಗೆ ಒಯ್ದುಕೊಟ್ಟೆ.

ಆಕೆ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ನೋಡುತ್ತಲೇ ಆಕೆಯ ಕೈ ತಾನಾಗಿ ತಲೆಗೆ ಹೋಗಿ ಸೆರಗನ್ನು ಮುಂದಕ್ಕೆಳೆಯಿತು. ಫೋಟೋದಲ್ಲಿ ಇದ್ದದ್ದು ಅದೇ ಕೈ, ಅದೇ ಎಳೆತ.

“ಸೆರಗ ಹೊಚ್ಚಿಗೊಳ್ಳಾಕತ್ತಾಳ,” ಎಂದಳು. “ಚಡ್ಡಿ ಹಾಕ್ಕೊಂಡು ಹಿರ್ಯಾರ ಮುಂದ ಹೋಗಬ್ಯಾಡ, ತಲಿ ಮ್ಯಾಲ ಒಂದು ಸೆರಗರ ಇರಲಿ ಅಂತ ನಾ ಯಾವಾಗಲೂ ಬೈತಿದ್ದೆ. ಇಲ್ಲದ ಸೆರಗ ಹೊಚ್ಚಿಗೊಂಡಾಳ ನೋಡು.” ಈ ಸಲ ಖರೇ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿದವು. ನಾನು ಕುರಿಗಳ ಕಡೆ ನೋಡುತ್ತ ನಿಂತೆ. ನಾಚಿಕೆಗೆ ಅಲ್ಲಿ ಬೇರೆ ಜಾಗ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಫೋಟೋ ನನ್ನ ಕೈಗೆ ವಾಪಸ್ ಕೊಟ್ಟಳು. “ತಮ್ಮಾ, ಇದರಾಗಿಂದ ನನ್ನ ಕತ್ತರಿಸಿ ತಗಿಸಿಕೊಡತೀಯೇನು? ಅಕಿ ಬರೂ ದಿನಾ ಬಂತು. ಅವ್ವ ಬೆನ್ನ ಮಾಡಿ ನಿಂತಿದ್ಲು ಅಂತ ಅಕಿಗಿ ಕಾಣಬಾರದು.”

ಸ್ಟುಡಿಯೋದವನು, “ಸನ್ಮಾನ ಆದವರನ್ನೇ ತಗಿಯೂದೇನ್ರಿ?” ಎಂದು ಎರಡು ಸಲ ಕೇಳಿದ. ಹೌದೆಂದೆ. ಅಧ್ಯಕ್ಷರು ಹೋದರು, ಆಕೆ ಹೋದಳು, ಮಗಳು ಉಳಿದಳು. ಚೌಕಟ್ಟು ಹಾಕಿಸಿ ಆಕೆಯ ಗೋಡೆಗೆ ನಾನೇ ಮೊಳೆ ಹೊಡೆದೆ.

ಮಗಳು ಊರಿಗೆ ಬಂದಾಗ ನನ್ನನ್ನು ಚಹಾಕ್ಕೆ ಕರೆದಳು. ಫೋಟೋದ ಮುಂದೆ ನಿಂತು, “ಕಾಕಾ, ಟಿವಿಯಾಗಿಂದ ಎಷ್ಟ ಚಲೋ ಹಿಡದೀರಿ! ನಿಮ್ಮಿಂದ ಅವ್ವ ನನ್ನ ನೋಡಿದಳು,” ಎಂದಳು. ಆಮೇಲೆ ಗಾಜಿಗೆ ಬೆರಳು ಹಚ್ಚಿ, “ಈ ಮೂಲ್ಯಾಗ ಇದೇನ್ರಿ, ಹೂವಿನಂಗ?” ಎಂದಳು.

ಎಷ್ಟು ಕತ್ತರಿಸಿದರೂ ಚೆಂಡುಹೂವಿನ ಒಂದು ಅಂಚು ಉಳಿದುಬಿಟ್ಟಿತ್ತು. ಒಳಗೆ ಚಹಾ ಸೋಸುತ್ತಿದ್ದ ತಾಯಿ ಅಲ್ಲಿಂದಲೇ ಹೇಳಿದಳು, “ಯಾರದೋ ಹಾರ ಇರಬೇಕವಾ.”